ಶುಗರ್ ಮಶಿನ್ ತೋರ್ಸೋ ನಂಬರ್ ಎಷ್ಟು ನಿಜ? ಒಂದು ಸಣ್ಣ ಇತಿಹಾಸ

1/6
ನಮ್ಮ ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿ ಚೀಲ ತೂಗೋ ಎಲೆಕ್ಟ್ರಾನಿಕ್ ಕಾಟಾ ನೋಡೇ ಇರ್ತೀರಿ. ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ವರ್ಷಕ್ಕೊಮ್ಮೆ ಅದರ ಪರೀಕ್ಷೆ ಆಗಿ ಮುದ್ರೆ ಬೀಳಬೇಕು. ತೂಕದಲ್ಲಿ ಅರ್ಧ ಕಿಲೋ ಹೆಚ್ಚುಕಮ್ಮಿ ಆದ್ರೂ ರೈತ ಸುಮ್ನಿರೋದಿಲ್ಲ, ಸರೀನೇ ಅದು.

ಈಗ ನಿಮ್ಮ ಮನೆ ಕಪಾಟಿನಲ್ಲಿರೋ ಶುಗರ್ ಮಶಿನ್ ನೆನಪು ಮಾಡ್ಕೊಳ್ರಿ. ತಂದ ದಿನದಿಂದ ಇವತ್ತಿನವರೆಗೆ ಅದನ್ನ ಯಾರಾದ್ರೂ ಪರೀಕ್ಷೆ ಮಾಡಿದ್ದಾರಾ? ಅದರ ನಂಬರ್ ನೋಡೇ ಅಜ್ಜ ಒಂದು ರೊಟ್ಟಿ ಕಮ್ಮಿ ಮಾಡ್ತಾರೆ, ಅದನ್ನ ನೋಡೇ ಎಷ್ಟೋ ಮನೆಗಳಲ್ಲಿ ಇನ್ಸುಲಿನ್ ತಗೋತಾರೆ. ಈ ನಂಬರ್ ನಮ್ಮ ಮನೆವರೆಗೆ ಹೆಂಗ ಬಂತು ಅನ್ನೋದೇ ಈ ಸರಣಿ.

2/6
ಶುರುವಾಗಿದ್ದು ಮೂತ್ರದಿಂದ. ಮೂತ್ರ ಸಿಹಿಯಾಗೋ ಈ ರೋಗವನ್ನ ನಮ್ಮ ಹಳೇ ಆಯುರ್ವೇದ ಗ್ರಂಥಗಳು ಗುರುತಿಸಿದ್ದವು. ಮಧುಮೇಹ ಅನ್ನೋ ಹೆಸರಲ್ಲೇ ಜೇನು ಇದೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ಒಂದು ನೀಲಿ ದ್ರಾವಣ ಕೊಟ್ಟರು. ಪಿಯುಸಿ ಸೈನ್ಸ್ ಓದಿದವರಿಗೆ ಗೊತ್ತು: ಕಾಸಿದಾಗ ಸಕ್ಕರೆ ಇದ್ದಷ್ಟೂ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ವ್ಯಾಪಾರಸ್ಥರು ಕಾಯಿ ಬಣ್ಣ ನೋಡಿ ರೇಟ್ ಅಂದಾಜು ಮಾಡ್ತಾರಲ್ಲ, ಹಂಗೇ ಇದೂ ಕಣ್ಣಂದಾಜು.

ಇದರಲ್ಲಿ ಒಂದು ದೊಡ್ಡ ಕೊರತೆ ಇತ್ತು. ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಮೂತ್ರಕ್ಕೆ ಬರುತ್ತೆ. ಶುಗರ್ ಇಳಿದು ರೋಗಿ ಬೆವರಿ ಬಿದ್ದರೂ ಈ ಪರೀಕ್ಷೆಗೆ ಅದು ಗೊತ್ತಾಗೋದಿಲ್ಲ.

3/6
1960ರ ದಶಕದಲ್ಲಿ ಏಮ್ಸ್ ಕಂಪನಿಯ ಡೆಕ್ಸ್ಟ್ರೋಸ್ಟಿಕ್ಸ್ ಬಂತು. (ಇದು ದೆಹಲಿ ಆಸ್ಪತ್ರೆ ಅಲ್ಲ, ಅಮೆರಿಕದ ಕಂಪನಿ!) ಪಟ್ಟಿ ಮೇಲೆ ರಕ್ತ ಹಾಕಿ, ಒಂದು ನಿಮಿಷ ಕಾದು, ನೀರಲ್ಲಿ ತೊಳೆದು, ಬಣ್ಣವನ್ನ ಚಾರ್ಟ್ ಜೊತೆ ಹೋಲಿಸಬೇಕು. ಒಂದೇ ಪಟ್ಟಿ ನೋಡಿ ಇಬ್ಬರು ಎರಡು ಲೆಕ್ಕ ಹೇಳೋರು. ಅದಕ್ಕೇ ಅದೇ ಕಂಪನಿಯ ಆಂಟನ್ ಕ್ಲೆಮೆನ್ಸ್, ಪಟ್ಟಿಯಿಂದ ವಾಪಸ್ ಬರೋ ಬೆಳಕನ್ನ ಅಳೆಯೋ ಮೀಟರ್ ಮಾಡಿದರು. 1970ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಬೆಲೆ ಸುಮಾರು 500 ಡಾಲರ್, ಮಾರಾಟ ಡಾಕ್ಟರುಗಳಿಗೆ ಮಾತ್ರ.

ರಿಚರ್ಡ್ ಬರ್ನ್‌ಸ್ಟೀನ್ ಅಂತ ಒಬ್ಬ ಎಂಜಿನಿಯರ್, ಚಿಕ್ಕಂದಿನಿಂದ ಡಯಾಬಿಟಿಸ್ ಇದ್ದವರು. ಡಾಕ್ಟರ್ ಆಗಿದ್ದ ಹೆಂಡತಿಯ ಹೆಸರಲ್ಲಿ ಮಶಿನ್ ತರಿಸಿ, ದಿನಕ್ಕೆ ಹಲವು ಸಲ ತಾವೇ ಅಳೆದುಕೊಂಡು ಶುಗರ್ ಹತೋಟಿಗೆ ತಂದರು. ರೋಗಿ ಮಾತನ್ನ ವೈದ್ಯಲೋಕ ಕೇಳಲಿಲ್ಲ ಅಂತ ಮುಂದೆ ಮೆಡಿಕಲ್ ಕಾಲೇಜು ಸೇರಿ ತಾವೇ ಡಾಕ್ಟರ್ ಆದರು!

4/6
1962ರಲ್ಲೇ ಲೆಲ್ಯಾಂಡ್ ಕ್ಲಾರ್ಕ್ ಇನ್ನೊಂದು ದಾರಿ ತೋರಿಸಿದ್ದರು. ಕಿಣ್ವವೊಂದು ಗ್ಲೂಕೋಸ್ ಜೊತೆ ಸೇರಿದಾಗ ಆಗೋ ಬದಲಾವಣೆಯನ್ನ ವಿದ್ಯುತ್ತಿನ ಮೂಲಕ ಅಳೆಯೋದು. 1987ರ ಹೊತ್ತಿಗೆ ಇದೇ ತತ್ವದ ಪೆನ್ನಿನಷ್ಟು ಸಣ್ಣ ಮೀಟರ್ ಬಂತು. ಇವತ್ತು ನಮ್ಮ ಮನೆಯಲ್ಲಿರೋದು ಬಹುತೇಕ ಇದೇ ಜಾತಿ.

ನಮ್ಮವರ ಪಾಲೂ ಇದರಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ನವಕಾಂತ ಭಟ್ ಅವರ ತಂಡ, ಗ್ಲೂಕೋಸ್ ಜೊತೆಗೆ ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿಯನ್ನೂ ಅಳೆಯೋ ಕೈಯಳತೆಯ ಸಾಧನ ಮಾಡಿತು. ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಬಂತು.

5/6
ಹಂಗಾದ್ರೆ ಎಷ್ಟು ತಪ್ಪಿದ್ರೆ ನಡೆಯುತ್ತೆ? ಐಎಸ್‌ಒ 15197 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಇದೆ. 2003ರಲ್ಲಿ ಶೇ. 20ರಷ್ಟು ವ್ಯತ್ಯಾಸಕ್ಕೆ ಅವಕಾಶ ಇತ್ತು, 2013ರಲ್ಲಿ ಬಿಗಿ ಮಾಡಿದರು. ಈಗ ಲ್ಯಾಬ್ ನಂಬರ್ 100 ಅಥವಾ ಹೆಚ್ಚಿದ್ದರೆ ಶೇ. 15ರೊಳಗೆ, 100ಕ್ಕಿಂತ ಕಮ್ಮಿ ಇದ್ದರೆ 15 ಮಿಲಿಗ್ರಾಂ ಒಳಗೆ ಇರಬೇಕು, ಅದೂ 100 ರೀಡಿಂಗ್‌ಗಳಲ್ಲಿ ಕನಿಷ್ಠ 95 ಸಲ.

ಲೆಕ್ಕ ಹಾಕ್ರಿ: ಲ್ಯಾಬ್ 160 ಅಂದ್ರೆ ಮಶಿನ್ 136ರಿಂದ 184ರೊಳಗೆ ಎಷ್ಟು ತೋರಿಸಿದ್ರೂ ಪಾಸ್. ಲ್ಯಾಬ್ 80 ಅಂದ್ರೆ 65ರಿಂದ 95. ಅಂದ್ರೆ ಹತ್ತು ಪಾಯಿಂಟ್ ವ್ಯತ್ಯಾಸಕ್ಕೆ ಮಶಿನ್ ಕೆಟ್ಟಿದೆ ಅನ್ನೋದೂ ತಪ್ಪು, 40 ಪಾಯಿಂಟ್ ಬಂದ್ರೂ ಇರ್ಲಿ ಬಿಡು ಅನ್ನೋದೂ ತಪ್ಪು.

2018ರ ಡಿಸೆಂಬರ್ ಅಧಿಸೂಚನೆ ಮೂಲಕ ಕೇಂದ್ರ ಸರ್ಕಾರ ಗ್ಲುಕೋಮೀಟರನ್ನ ಔಷಧ ಕಾಯ್ದೆಯ ವ್ಯಾಪ್ತಿಗೆ ತಂತು. ಆದ್ರೆ ಅದು ತಯಾರಿಸೋರಿಗೆ, ಮಾರೋರಿಗೆ. ಮನೆ ಸೇರಿದ ಮಶಿನ್‌ಗೆ ಕಾಟಾದ ಹಾಗೆ ವರ್ಷದ ಮುದ್ರೆ ಇಲ್ಲ. ಐವತ್ತು ವರ್ಷದಲ್ಲಿ ಅಳತೆ ಡಾಕ್ಟರ ಟೇಬಲ್‌ನಿಂದ ನಮ್ಮ ಮನೆಗೆ ಬಂತು, ಅಳತೆ ಸರಿ ಇದೆಯಾ ಅಂತ ನೋಡೋ ರೂಢಿ ಬರಲಿಲ್ಲ. ಆ ಕೆಲಸ ನಾವೇ ಮಾಡಬೇಕು.

6/6
ಸೇವ್ ಮಾಡಿಟ್ಕೊಳ್ರಿ:

• ಕೈ ಸೋಪಿನಿಂದ ತೊಳೆದು ಪೂರ್ತಿ ಒರೆಸಿ. ಬಾಳೆಹಣ್ಣು ಸುಲಿದ ಬೆರಳಿನ ಸಕ್ಕರೆಯೂ ನಂಬರ್ ಏರಿಸುತ್ತೆ.

• ಸ್ಟ್ರಿಪ್ ಡಬ್ಬಿಯ ಎಕ್ಸ್‌ಪೈರಿ ನೋಡಿ, ಮುಚ್ಚಳ ಬಿಗಿಯಾಗಿ ಹಾಕಿ. ಎಷ್ಟೋ ಡಬ್ಬಿಗಳ ಮೇಲೆ 30 ಡಿಗ್ರಿ ಒಳಗೆ ಇಡಿ ಅಂತಿರುತ್ತೆ. ಏಪ್ರಿಲ್ ಬಿಸಿಲಲ್ಲಿ ಕಿಟಕಿ ಪಕ್ಕ ಬೇಡವೇ ಬೇಡ.

• ಕಂಟ್ರೋಲ್ ಸೊಲ್ಯೂಷನ್ ಅಂತ ಬರುತ್ತೆ, ಸಕ್ಕರೆ ಎಷ್ಟಿದೆ ಅಂತ ಮೊದಲೇ ಗೊತ್ತಿರೋ ದ್ರಾವಣ. ನಿಮ್ಮ ಮಶಿನ್ ಕಂಪನಿಯದ್ದೇ ಬೇಕು. ಅದರ ಒಂದು ಹನಿ ಹಾಕಿದಾಗ ಬರೋ ನಂಬರ್, ಸ್ಟ್ರಿಪ್ ಡಬ್ಬಿ ಮೇಲಿರೋ ಮಿತಿಯೊಳಗೆ ಇರಬೇಕು.

• ಲ್ಯಾಬಿಗೆ ಹೋಗುವಾಗ ಮಶಿನ್ ಒಯ್ರಿ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟ ಐದು ನಿಮಿಷದೊಳಗೆ ಬೆರಳಿಂದಲೂ ನೋಡಿ ಬರೆದಿಟ್ಟು, ರಿಪೋರ್ಟ್ ಬಂದ ಮೇಲೆ ಮೇಲಿನ ಲೆಕ್ಕ ಹಾಕಿ. ಊಟದ ನಂತರ ಬೇಡ, ಆಗ ಬೆರಳಿನ ರಕ್ತದಲ್ಲೇ ಸಕ್ಕರೆ ಸ್ವಲ್ಪ ಜಾಸ್ತಿ ಇರುತ್ತೆ.

• ರಕ್ತ ಕಮ್ಮಿ ಇದ್ದವರಲ್ಲಿ ನಂಬರ್ ನಿಜಕ್ಕಿಂತ ಹೆಚ್ಚು ಬರಬಹುದು. ಡಾಕ್ಟರಿಗೆ ಹೇಳಿ.

ಕಾಮರ್ಸ್‌ನವರೇ, ಕ್ಯಾಶ್‌ಬುಕ್ಕು ಪಾಸ್‌ಬುಕ್ಕು ತಾಳೆ ನೋಡೋದು ನಮಗೆ ಹೊಸದಲ್ಲ. ಇದೂ ಅದೇ. ತಾಳೆ ಆಗ್ಲಿಲ್ಲ ಅಂದ್ರೆ ಔಷಧಿ ನೀವೇ ಬದಲಾಯಿಸಬೇಡ್ರಿ, ಎರಡೂ ನಂಬರ್ ಡಾಕ್ಟರಿಗೆ ತೋರಿಸ್ರಿ.

ಈ ಭಾನುವಾರ ಮನೆಯ ಸ್ಟ್ರಿಪ್ ಡಬ್ಬಿ ತೆಗೆದು ಎಕ್ಸ್‌ಪೈರಿ ನೋಡಿ, ಕಾಮೆಂಟಲ್ಲಿ ಹೇಳ್ರಿ.

#ಬ್ಯಾಡಗಿ #ಹಾವೇರಿ #ಸಣ್ಣಇತಿಹಾಸ