ತರ್ಕದ ಮಿತಿ, ಭಾವನೆಯ ಪಾತ್ರ

ನಿರ್ಧಾರ ತೆಗೆದುಕೊಳ್ಳುವಾಗ ಭಾವನೆಯನ್ನು ದೂರವಿಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ ಬಹಳ ಹಳೆಯದು. 1739ರಲ್ಲಿ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಅದನ್ನು ತಲೆಕೆಳಗು ಮಾಡಿದ. ಗುರಿಯನ್ನು ಗೊತ್ತುಮಾಡುವುದು ಭಾವನೆ, ಅಲ್ಲಿಗೆ ಹೋಗುವ ದಾರಿ ಹುಡುಕಿಕೊಡುವುದಷ್ಟೇ ತರ್ಕದ ಕೆಲಸ ಎಂಬುದು ಅವನ ವಾದ. ಇಪ್ಪತ್ತನೆಯ ಶತಮಾನದ ಅರ್ಥಶಾಸ್ತ್ರ ಮತ್ತು ನರವಿಜ್ಞಾನ ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡವು.

ಸೀಮಿತ ವೈಚಾರಿಕತೆ

ಮನುಷ್ಯ ಎಲ್ಲ ಆಯ್ಕೆಗಳನ್ನೂ ತೂಗಿನೋಡಿ ಅತ್ಯುತ್ತಮವಾದುದನ್ನೇ ಆರಿಸುತ್ತಾನೆ ಎಂದು ಅರ್ಥಶಾಸ್ತ್ರ ಬಹುಕಾಲ ಭಾವಿಸಿತ್ತು. ಅಮೆರಿಕದ ಹರ್ಬರ್ಟ್ ಸೈಮನ್ ಇದನ್ನು ಒಪ್ಪಲಿಲ್ಲ. ನಮಗಿರುವ ಸಮಯ, ಮಾಹಿತಿ, ಲೆಕ್ಕ ಹಾಕುವ ಶಕ್ತಿ ಮೂರೂ ಕಡಿಮೆ. ಹಾಗಾಗಿ 'ಇಷ್ಟು ಸಾಕು' ಎನಿಸುವ ಆಯ್ಕೆ ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸುತ್ತೇವೆ ಎಂದರು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೆ ಎಲ್ಲಿ ಸಾಕು ಎನ್ನಬೇಕೆಂದು ತರ್ಕಕ್ಕೆ ತಾನಾಗಿ ತಿಳಿಯುವುದಿಲ್ಲ. ಇದು ಎದ್ದುಕಂಡದ್ದು ಒಬ್ಬ ರೋಗಿಯಲ್ಲಿ.

ಎಲಿಯಟ್ ಪ್ರಕರಣ

ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 1994ರ ತಮ್ಮ 'ಡೆಕಾರ್ಟ್ಸ್ ಎರರ್' ಪುಸ್ತಕದಲ್ಲಿ ಈ ರೋಗಿಯನ್ನು ಎಲಿಯಟ್ ಎಂದು ಕರೆದಿದ್ದಾರೆ. ಹಣೆಯ ಹಿಂಭಾಗದಲ್ಲಿ ಬೆಳೆದ ಗಡ್ಡೆಯನ್ನು ತೆಗೆಯುವಾಗ, ಅದರಿಂದ ಹಾಳಾಗಿದ್ದ ಮಿದುಳಿನ ಮುಂಭಾಗವನ್ನೂ ವೈದ್ಯರು ತೆಗೆಯಬೇಕಾಯಿತು. ಆನಂತರವೂ ಆತನ ಬುದ್ಧಿಮತ್ತೆ, ನೆನಪು, ಮಾತು ಚೆನ್ನಾಗಿಯೇ ಇದ್ದವು.

ಬದುಕು ಮಾತ್ರ ಹಳಿ ತಪ್ಪಿತು. ಕಚೇರಿಯ ಕಾಗದಪತ್ರಗಳನ್ನು ದಿನಾಂಕದ ಪ್ರಕಾರ ಜೋಡಿಸಬೇಕೋ, ವಿಷಯದ ಪ್ರಕಾರವೋ ಎಂದು ಯೋಚಿಸುತ್ತಲೇ ಮಧ್ಯಾಹ್ನವೆಲ್ಲ ಕಳೆಯುತ್ತಿದ್ದ. ಕೆಲಸ ಹೋಯಿತು, ವ್ಯಾಪಾರದಲ್ಲಿ ದಿವಾಳಿಯಾದ, ಸಂಸಾರ ಮುರಿಯಿತು. ಹೊತ್ತಿ ಉರಿಯುವ ಮನೆ, ನೀರಿನಲ್ಲಿ ಮುಳುಗುತ್ತಿರುವ ಜನರ ಚಿತ್ರ ತೋರಿಸಿದರೂ ಆತನ ಮನಸ್ಸು ಕಲಕುತ್ತಿರಲಿಲ್ಲ. ಎಲ್ಲ ಆಯ್ಕೆಗಳೂ ಸಮಾನವಾಗಿ ಕಂಡವನಿಗೆ ಯಾವುದನ್ನೂ ಆರಿಸಲಾಗಲಿಲ್ಲ.

ಇಸ್ಪೀಟಿನ ಪ್ರಯೋಗ

ಡಮಾಸಿಯೊ ಮತ್ತು ಆಂಟೊಯಿನ್ ಬೆಚಾರಾ ಅವರ ತಂಡ ಅಯೋವಾದಲ್ಲಿ ನಾಲ್ಕು ಕಟ್ಟು ಎಲೆಗಳ ಆಟವೊಂದನ್ನು ರೂಪಿಸಿತು. ಎರಡು ಕಟ್ಟುಗಳಲ್ಲಿ ಎಲೆಗೆ 100 ಡಾಲರ್ ಸಿಗುತ್ತದೆ, ಆದರೆ ನಡುನಡುವೆ ಬೀಳುವ ದಂಡದಿಂದ ಕೊನೆಗೆ ನಷ್ಟವೇ. ಉಳಿದೆರಡರಲ್ಲಿ ಸಿಗುವುದು 50 ಡಾಲರ್, ದಂಡವೂ ಕಡಿಮೆ, ಕೊನೆಗೆ ಲಾಭ.

ಕೆಲವು ಸುತ್ತುಗಳ ನಂತರ ಆರೋಗ್ಯವಂತರು ಕೆಟ್ಟ ಕಟ್ಟಿನ ಕಡೆ ಕೈ ಚಾಚುವಾಗಲೇ ಅವರ ಅಂಗೈ ಸಣ್ಣಗೆ ಬೆವರುತ್ತಿತ್ತು. ಆಟದ ಗುಟ್ಟು ಅವರಿಗಿನ್ನೂ ಬಾಯಿಬಿಟ್ಟು ಹೇಳಲಾಗುತ್ತಿರಲಿಲ್ಲ. ಎಲಿಯಟ್‌ನಂಥ ಹಾನಿಯಿದ್ದವರಲ್ಲಿ ಈ ಮುನ್ಸೂಚನೆಯೇ ಇರಲಿಲ್ಲ. ಯಾವುದು ಕೆಟ್ಟ ಕಟ್ಟು ಎಂದು ಅರಿತವರೂ ಅದರಿಂದಲೇ ಎಲೆ ಎತ್ತುತ್ತಿದ್ದರು. ಹಿಂದಿನ ಅನುಭವ ದೇಹದಲ್ಲಿ ಉಳಿಸಿದ ಇಂಥ ಗುರುತುಗಳೇ ಆಯ್ಕೆಗಳನ್ನು ಸೋಸಿಕೊಡುತ್ತವೆ ಎಂಬುದು ಡಮಾಸಿಯೊ ಸಿದ್ಧಾಂತ.

ಆಕ್ಷೇಪ

2004ರಲ್ಲಿ ಟಿಯಾಗೊ ಮಾಯಾ ಮತ್ತು ಜೇಮ್ಸ್ ಮೆಕ್‌ಕ್ಲೆಲೆಂಡ್ ಇದೇ ಆಟವನ್ನು ಇನ್ನಷ್ಟು ಸೂಕ್ಷ್ಮ ಪ್ರಶ್ನೆಗಳೊಂದಿಗೆ ಆಡಿಸಿದರು. ಆಟಗಾರರಿಗೆ ಯಾವ ಕಟ್ಟು ಒಳ್ಳೆಯದೆಂಬ ಅರಿವು ಮೊದಲು ತಿಳಿದದ್ದಕ್ಕಿಂತ ಬೇಗನೆ ಬರುತ್ತದೆ ಎಂದು ಕಂಡರು. ಬೆವರು ಮೊದಲೋ ಅರಿವು ಮೊದಲೋ ಎಂಬ ಚರ್ಚೆ ಹೀಗೆ ತೆರೆದೇ ಇದೆ.

ಭಾವನೆ ದಾರಿ ತಪ್ಪಿಸುವ ಬಗೆ

ಹಾಗೆಂದು ಅನಿಸಿದ್ದನ್ನೆಲ್ಲ ನಂಬುವಂತಿಲ್ಲ. 1981ರಲ್ಲಿ ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 600 ಜನರಿಗೆ ಮಾರಕವಾಗುವ ರೋಗವೊಂದನ್ನು ಕಲ್ಪಿಸಿ ಪ್ರಶ್ನೆ ಕೇಳಿದರು. '200 ಜನ ಖಂಡಿತ ಬದುಕುತ್ತಾರೆ' ಎಂಬ ಯೋಜನೆಯನ್ನು ಶೇ. 72 ಮಂದಿ ಒಪ್ಪಿದರು. ಅದನ್ನೇ '400 ಜನ ಸಾಯುತ್ತಾರೆ' ಎಂದು ಇನ್ನೊಂದು ಗುಂಪಿನ ಮುಂದಿಟ್ಟಾಗ ಒಪ್ಪಿದವರು ಶೇ. 22 ಮಾತ್ರ. ಲೆಕ್ಕ ಒಂದೇ, 'ಸಾಯುತ್ತಾರೆ' ಎಂಬ ಮಾತಿಗೇ ಮನಸ್ಸು ಹಿಂಜರಿಯಿತು.

ಒಟ್ಟಿನಲ್ಲಿ

ಯಾವುದು ಮುಖ್ಯವೆಂದು ತೋರಿಸುವುದು ಭಾವನೆ, ಅದು ಹೌದೇ ಎಂದು ಪರೀಕ್ಷಿಸುವುದು ತರ್ಕ. ಮನೆ ಕೊಳ್ಳುವಾಗಲೋ ಕೆಲಸ ಬಿಡುವಾಗಲೋ ಒಳಗಿನ ಅಳುಕನ್ನು ತಳ್ಳಿಹಾಕಬೇಡಿ. ಅದಕ್ಕೆ ಕಾರಣ ಕೇಳಿ, ಪ್ರಶ್ನೆಯನ್ನೇ ಬೇರೆ ಮಾತಿನಲ್ಲಿ ಇಟ್ಟು ನೋಡಿ. ಆಗಲೂ ಅಳುಕು ಹೋಗದಿದ್ದರೆ ನಿರ್ಧಾರವನ್ನು ಮುಂದೂಡುವುದೇ ಮೇಲು.