ವಲಸೆ ಹೋದವರು, ನೆಲೆ ನಿಂತವರು

ಊರು ಬಿಟ್ಟವರನ್ನೆಲ್ಲ ನಾವು ‘ವಲಸೆ ಹೋದವರು’ ಅಂತ ಒಂದೇ ಖಾತೆಗೆ ಬರೆದುಬಿಡುತ್ತೇವೆ. ಪ್ರಾಣಿಗಳ ವಿಷಯದಲ್ಲಿ ಲೆಕ್ಕ ಬೇರೆ. ಋತುಮಾನಕ್ಕೆ ತಕ್ಕಂತೆ ಹೋಗಿ ಮತ್ತೆ ಮರಳುವುದನ್ನೇ ಜೀವಶಾಸ್ತ್ರದವರು ಸಾಮಾನ್ಯವಾಗಿ ವಲಸೆ ಅನ್ನುತ್ತಾರೆ. ಖರ್ಚಿನ ಎದುರಿಗೆ ಜಮೆಯೂ ಇರಬೇಕು, ನೋಡಿ.

ಇದು ತಿಳಿಯಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. ಚಳಿಗಾಲದಲ್ಲಿ ಕಾಣದಾಗುವ ಅಂಬರಗುಬ್ಬಿಗಳು ಬಿಲಗಳಲ್ಲಿ ಅಡಗಿರುತ್ತವೆ ಎಂದು ಗ್ರೀಸಿನ ಅರಿಸ್ಟಾಟಲ್ ನಂಬಿದ್ದ. 1822ರಲ್ಲಿ ಜರ್ಮನಿಯಲ್ಲಿ ಒಂದು ಕೊಕ್ಕರೆ ಸಿಕ್ಕಿತು. ಅದರ ಕತ್ತಿಗೆ ಚುಚ್ಚಿಕೊಂಡಿದ್ದ ಈಟಿ ಆಫ್ರಿಕಾದ್ದು! ಅದು ಎಲ್ಲಿಗೆ ಹೋಗಿ ಬಂದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. 1899ರಲ್ಲಿ ಡೆನ್ಮಾರ್ಕಿನ ಮಾರ್ಟೆನ್ಸೆನ್ ಎಂಬ ಮೇಷ್ಟ್ರು ಹಕ್ಕಿಗಳ ಕಾಲಿಗೆ ನಂಬರಿನ ಬಳೆ ತೊಡಿಸಿದರು. ನಮ್ಮಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1927ರಲ್ಲಿ ಈ ಕೆಲಸ ಆರಂಭಿಸಿತು. 1959ರಿಂದ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಅದು ದೊಡ್ಡದಾಗಿ ಬೆಳೆಯಿತು.

ತಿಮಿಂಗಿಲ, ಕಡಲಾಮೆ, ಕೆಲವು ಏರೋಪ್ಲೇನ್ ಚಿಟ್ಟೆಗಳು ಕೂಡ ವಲಸೆ ಹೋಗುತ್ತವೆ. ನಮಗೆ ಹತ್ತಿರದ ಉದಾಹರಣೆ ಗದಗ ಜಿಲ್ಲೆಯ ಮಾಗಡಿ ಕೆರೆ. ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲಕ್ಕೆ ಅಲ್ಲಿಗೆ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬಿಸಿಲೇರುವ ಹೊತ್ತಿಗೆ ಮರಳುತ್ತವೆ. ಮಳೆ ನೀರು ಹಿಡಿಯಲು ಜನರೇ ಕಟ್ಟಿದ ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ನಮ್ಮ ಉತ್ತರ ಕರ್ನಾಟಕದವರ ‘ಗುಳೆ’ಯೂ ಹೀಗೆಯೇ. ಸುಗ್ಗಿ ಮುಗಿದ ಮೇಲೆ ಹೋದವರು ಮುಂಗಾರಿಗೆ ಹೊಲಕ್ಕೆ ಬಂದೇ ಬರುತ್ತಾರೆ.

ಹುಲಿಯ ಕಥೆ ಹಾಗಲ್ಲ. ನಾವಿರುವ ಈ ವಿದರ್ಭದಲ್ಲೇ, ಯವತ್ಮಾಳ ಜಿಲ್ಲೆಯ ತಿಪೇಶ್ವರದ ಎಳೆಯ ಗಂಡು ಹುಲಿಯೊಂದು 2019ರ ಜೂನ್‌ನಲ್ಲಿ ಕಾಡು ಬಿಟ್ಟು ಹೊರಟಿತು. ಹೊಲ, ಹಳ್ಳ, ಹೆದ್ದಾರಿ ದಾಟಿ ಮಹಾರಾಷ್ಟ್ರ, ತೆಲಂಗಾಣ ಸುತ್ತಿ ಬುಲ್ಡಾಣಾ ಜಿಲ್ಲೆಯ ಜ್ಞಾನಗಂಗಾ ಅಭಯಾರಣ್ಯ ಸೇರಿತು. ಸುಮಾರು 3,000 ಕಿಲೋಮೀಟರ್ ನಡೆದದ್ದನ್ನು ರೇಡಿಯೋ ಕಾಲರ್ ದಾಖಲಿಸಿತು. ಇದಕ್ಕೆ ವಲಸೆ ಅನ್ನುವುದಿಲ್ಲ. ಬೆಳೆದ ಮರಿ ತನ್ನದೇ ನೆಲ ಹುಡುಕಿ ಹೋಗುವುದು ಇದು. ಅಲ್ಲಿ ಬೇಟೆ ಇತ್ತು, ಆದರೆ ಬೇರೆ ಹುಲಿಗಳೇ ಇರಲಿಲ್ಲ.

ಬ್ಯಾಂಕಿನವರ ಪಾಡೂ ಇದೇ. 1969ರ ರಾಷ್ಟ್ರೀಕರಣದ ನಂತರ ಕೆನರಾ, ಸಿಂಡಿಕೇಟ್‌ನಂಥ ಕರಾವಳಿಯ ಬ್ಯಾಂಕುಗಳು ದೇಶದ ಉದ್ದಗಲಕ್ಕೂ ಶಾಖೆ ತೆರೆದವು. ವರ್ಗವಾಗಿ ಹೋದವರಲ್ಲಿ ಹಲವರು ನಿವೃತ್ತಿಗೆ ವಾಪಸಾದರು; ಅವರದು ವಲಸೆ. ನನ್ನಂಥವರು ಹಿಂಗಣಾದಲ್ಲೇ ಉಳಿದೆವು. ಸಂಬಳ ಕೈಗೆ ಬರುತ್ತಿತ್ತು. ಸಂಜೆ ಕನ್ನಡದಲ್ಲಿ ಎರಡು ಮಾತಾಡಲು ಜನ ಇರಲಿಲ್ಲ. ಮಕ್ಕಳು ಓಣಿಯಲ್ಲಿ ಆಡುತ್ತಲೇ ಮರಾಠಿ ಕಲಿತರು. ಮನೆಯೊಳಗೆ ಕನ್ನಡ ಉಳಿಸಿಕೊಂಡದ್ದು ಹೆಂಡತಿಯ ಹಟದಿಂದ.

‘ಊರಿಗೆ ಯಾವಾಗ ವಾಪಸು?’ ಅಂತ ನೆಂಟರು ಇಂದಿಗೂ ಕೇಳುತ್ತಾರೆ. ಅದು ಹೆಬ್ಬಾತಿಗೆ ಕೇಳಬೇಕಾದ ಪ್ರಶ್ನೆ. ನೆಲೆ ನಿಂತವರನ್ನು ಕೇಳಬೇಕಾದ್ದು ಬೇರೆಯೇ ಇದೆ: ‘ಅಲ್ಲಿ ನಿಮಗೆ ಜೊತೆ ಯಾರಿದ್ದಾರೆ?’