ಬಾಲಕರ ಕಾಲ್ಚೆಂಡಿನ ಜಾಗತಿಕ ಪಂದ್ಯಾವಳಿಯೂ ನಮ್ಮ ನಾಡೂ

ನಮ್ಮ ಪಾಮನಕಲ್ಲೂರಿಗೆ ಸಮೀಪದ ಮಸ್ಕಿಯ ಬೆಟ್ಟದಲ್ಲಿ ಅಶೋಕ ಚಕ್ರವರ್ತಿಯ ಶಾಸನವೊಂದಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ೧೯೧೫ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರರು ಅದನ್ನು ಬೆಳಕಿಗೆ ತಂದರು. ಅದು ದೊಡ್ಡ ಶಾಸನವಲ್ಲ. ಕೆಲವೇ ಪಂಕ್ತಿಗಳು, ಅವುಗಳಲ್ಲಿಯೂ ಕೆಲವು ಅಕ್ಷರಗಳು ಸವೆದುಹೋಗಿವೆ. ಆದರೂ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ‘ಅಶೋಕ’ ಎಂಬ ಹೆಸರು ಅದರಲ್ಲಿದ್ದ ಕಾರಣ, ದೇಶದ ನಾನಾ ಬಂಡೆಗಳ ಮೇಲೆ ಬಿರುದಿನಿಂದಲೇ ಮಾತನಾಡುತ್ತಿದ್ದ ಅರಸನು ಯಾರೆಂಬ ವಿಷಯದಲ್ಲಿ ವಿದ್ವಾಂಸರಿಗೆ ಉಳಿದಿದ್ದ ಸಂದೇಹವು ಪರಿಹಾರವಾಯಿತು. ಚರಿತ್ರೆಯ ವಿದ್ಯಾರ್ಥಿಗೆ ಇದು ಒಳ್ಳೆಯ ಪಾಠ. ಸಂಗತಿಯ ಗಾತ್ರದಿಂದ ಅದರ ಬೆಲೆಯನ್ನು ಕಟ್ಟಲಾಗದು. ಅದು ತನ್ನ ಹಿಂದುಮುಂದಿನ ಎಷ್ಟು ಸಂಗತಿಗಳನ್ನು ಬೆಳಗುವುದೆಂಬುದನ್ನು ನೋಡಬೇಕು.

ಈ ಪಾಠವನ್ನು ವರುಷ ವರುಷವೂ ಮಕ್ಕಳಿಗೆ ಹೇಳುತ್ತಿದ್ದ ನಾನು ಒಮ್ಮೆ ಅದನ್ನು ನಾನೇ ಮರೆತೆನು. ೨೦೧೭ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ, ಹದಿನೇಳು ವರ್ಷದೊಳಗಿನ ಬಾಲಕರ ಜಾಗತಿಕ ಕಾಲ್ಚೆಂಡಿನ ಪಂದ್ಯಗಳು ನಮ್ಮ ದೇಶದಲ್ಲಿ ನಡೆದವು. ಭಾರತದ ಬಾಲಕರು ಆಡಿದ ಮೂರು ಪಂದ್ಯಗಳಲ್ಲಿಯೂ ಸೋತರು. ಆ ದಿನಗಳಲ್ಲಿ ತರಗತಿಯ ಹುಡುಗನೊಬ್ಬನು ಎದ್ದು ನಿಂತು, “ಸರ, ಪೇಪರಿನ್ಯಾಗ ಚರಿತ್ರಾ ಬರೆದರು ಅಂತ ಹಾಕ್ಯಾರ. ಸೋತವರೂ ಚರಿತ್ರಾ ಬರೀತಾರೇನ್ರಿ?” ಎಂದು ಕೇಳಿದನು. “ಮೊದಲು ಗೆದ್ದವರ ಹೆಸರನ್ನು ಬಾಯಿಪಾಠ ಮಾಡು” ಎಂದು ಗದರಿಸಿ ಅವನನ್ನು ಕೂರಿಸಿದೆನು. ಅದು ಉತ್ತರವಾಗಿರಲಿಲ್ಲ. ಅಂದು ಕೊಡದೆ ಹೋದ ಉತ್ತರವನ್ನು ಇಂದು ಈ ಪುಟಗಳಲ್ಲಿ ಬರೆಯಲು ಯತ್ನಿಸುತ್ತೇನೆ.

ಮೊದಲು ಈ ಪಂದ್ಯಾವಳಿಯ ಹುಟ್ಟನ್ನು ಸಂಕ್ಷೇಪವಾಗಿ ಹೇಳುವುದು ಯುಕ್ತ. ಜಗತ್ತಿನ ಕಾಲ್ಚೆಂಡಾಟವನ್ನೆಲ್ಲ ನಿಯಂತ್ರಿಸುವ ಫಿಫಾ ಸಂಸ್ಥೆಯು ೧೯೮೫ರಲ್ಲಿ ಚೀನಾ ದೇಶದಲ್ಲಿ ಹದಿನಾರು ವರ್ಷದೊಳಗಿನವರ ಪಂದ್ಯಗಳನ್ನು ಮೊದಲ ಬಾರಿಗೆ ಏರ್ಪಡಿಸಿತು. ಆಫ್ರಿಕಾ ಖಂಡದ ನೈಜೀರಿಯಾವು ಪಶ್ಚಿಮ ಜರ್ಮನಿಯನ್ನು ಸೋಲಿಸಿ ಪ್ರಥಮ ವಿಜೇತವಾಯಿತು. ೧೯೯೧ರಿಂದ ವಯಸ್ಸಿನ ಮಿತಿಯನ್ನು ಹದಿನೇಳಕ್ಕೆ ಏರಿಸಲಾಯಿತು. ೨೦೧೩ರ ಡಿಸೆಂಬರಿನಲ್ಲಿ, ೨೦೧೭ರ ಪಂದ್ಯಗಳ ಆತಿಥ್ಯವು ಭಾರತಕ್ಕೆ ದೊರೆಯಿತು. ಆತಿಥೇಯ ದೇಶದವರು ಅರ್ಹತೆಯ ಪಂದ್ಯಗಳನ್ನು ಆಡಿ ಗೆಲ್ಲಬೇಕಾಗಿಲ್ಲವೆಂಬುದು ಈ ಪಂದ್ಯಾವಳಿಯ ಪದ್ಧತಿ. ಆದುದರಿಂದ ನಮ್ಮ ಬಾಲಕರಿಗೆ ಬಾಗಿಲು ತಟ್ಟದೆಯೇ ತೆರೆಯಿತು. ಫಿಫಾದ ಯಾವ ಜಾಗತಿಕ ಪಂದ್ಯಾವಳಿಯ ಅಂತಿಮ ಹಂತದಲ್ಲಿಯೂ ಭಾರತವು ಅದಕ್ಕೆ ಮುಂಚೆ ಆಡಿರಲಿಲ್ಲ.

ಆದರೆ ತಟ್ಟದೆ ತೆರೆದ ಬಾಗಿಲು ಇದೇ ಮೊದಲನೆಯದಲ್ಲ. ಅರವತ್ತೇಳು ವರ್ಷಗಳ ಹಿಂದೆ ಇನ್ನೊಂದು ಬಾಗಿಲು ತೆರೆದಿದ್ದಿತು. ಅದರೊಳಗೆ ನಾವು ಹೆಜ್ಜೆಯಿಡಲಿಲ್ಲ. ೧೯೫೦ರಲ್ಲಿ ಬ್ರೆಜಿಲ್ ದೇಶದಲ್ಲಿ ನಡೆದ ಹಿರಿಯರ ವಿಶ್ವಕಪ್ಪಿನ ಅರ್ಹತೆಯ ಸುತ್ತಿನಲ್ಲಿ ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ದೇಶಗಳು ಹಿಂದೆಗೆದುದರಿಂದ ಭಾರತವು ಒಂದು ಪಂದ್ಯವನ್ನೂ ಆಡದೆ ಸ್ಥಾನವನ್ನು ಪಡೆಯಿತು. ಇಟಲಿ, ಸ್ವೀಡನ್, ಪೆರಗ್ವೆಗಳ ಗುಂಪಿನಲ್ಲಿ ಅದರ ಹೆಸರೂ ಸೇರಿತು. ಕೊನೆಗೆ ಭಾರತವು ಹೋಗಲೇ ಇಲ್ಲ.

ಏಕೆ ಹೋಗಲಿಲ್ಲ? ಬರಿಗಾಲಿನಲ್ಲಿ ಆಡಗೊಡಲಿಲ್ಲವಾದ ಕಾರಣ ನಮ್ಮವರು ನಿರಾಕರಿಸಿದರೆಂಬ ಕಥೆಯು ಬಹುಕಾಲದಿಂದ ಪ್ರಚಾರದಲ್ಲಿದೆ. ಕೇಳಲು ಇಂಪಾಗಿರುವ ಕಥೆಯನ್ನು ಚರಿತ್ರೆಕಾರನು ಎರಡು ಸಲ ತೂಗಿ ನೋಡಬೇಕು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದು ನಿಜ. ಆದರೆ ೧೯೫೦ರ ವಿಷಯದಲ್ಲಿ ನಿಜವಾದ ಅಡ್ಡಿಗಳು ಬೇರೆ: ಸಮುದ್ರಯಾನದ ದೀರ್ಘಕಾಲ, ಸಿದ್ಧತೆಯ ಕೊರತೆ, ಎಲ್ಲಕ್ಕೂ ಮಿಗಿಲಾಗಿ ಒಲಿಂಪಿಕ್ಸಿನ ಮುಂದೆ ವಿಶ್ವಕಪ್ಪನ್ನು ಅಷ್ಟೊಂದು ಎಣಿಸದ ಆಗಿನ ಮನೋಭಾವ. ಬ್ರೆಜಿಲಿನವರು ಪ್ರಯಾಣದ ವೆಚ್ಚದಲ್ಲಿ ಹೆಚ್ಚಿನ ಭಾಗವನ್ನು ಕೊಡಲು ಮುಂದೆ ಬಂದಿದ್ದರು. ಅಂದಿನ ತಂಡದ ನಾಯಕರಾಗಬೇಕಾಗಿದ್ದ ಶೈಲೇನ್ ಮನ್ನಾ ಅವರು ತಮ್ಮ ವೃದ್ಧಾಪ್ಯದಲ್ಲಿ, ಒಲಿಂಪಿಕ್ಸೇ ತಮಗೆ ಸರ್ವಸ್ವವಾಗಿದ್ದಿತೆಂದೂ ವಿಶ್ವಕಪ್ಪಿನ ಮಹತ್ತ್ವವು ತಮಗೆ ತಿಳಿದೇ ಇರಲಿಲ್ಲವೆಂದೂ ಹೇಳಿದರು. ಪಾದರಕ್ಷೆಯಲ್ಲ, ದೃಷ್ಟಿಯೇ ಇಲ್ಲದಿದ್ದುದು ಅಂದಿನ ಲೋಪ.

ಆ ಲೋಪದಿಂದ ನಷ್ಟ ಹೊಂದಿದವರಲ್ಲಿ ನಮ್ಮ ನಾಡಿನವರೂ ಇದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಆ ಕಾಲದಲ್ಲಿ ಬೆಂಗಳೂರು ದೇಶದ ಕಾಲ್ಚೆಂಡಾಟದ ಮುಖ್ಯ ನೆಲೆಗಳಲ್ಲಿ ಒಂದಾಗಿದ್ದಿತು. ಅಂತರಪ್ರಾಂತೀಯ ಸಂತೋಷ್ ಟ್ರೋಫಿಯನ್ನು ಮೈಸೂರಿನವರು ೧೯೪೬ರಲ್ಲಿ ಬಂಗಾಳವನ್ನು ಸೋಲಿಸಿ ಗೆದ್ದಿದ್ದರು. ಲಂಡನ್ನಿನಲ್ಲಿ ಫ್ರಾನ್ಸ್ ದೇಶಕ್ಕೆ ಎದುರಾಗಿ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಅವರು ಮೈಸೂರಿನ ಪರವಾಗಿ ಆಡುತ್ತಿದ್ದವರು. ಆ ಪಂದ್ಯದಲ್ಲಿ ನಮ್ಮವರು ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು ಎರಡಕ್ಕೊಂದು ಗೋಲಿನಿಂದ ಸೋತರು. ಆದರೂ ಇಂಗ್ಲೆಂಡಿನ ಪ್ರೇಕ್ಷಕರ ಮೆಚ್ಚುಗೆಯನ್ನು ಪಡೆದರು. ಬೆಂಗಳೂರಿನ ಅಹಮದ್ ಖಾನ್ ಅವರೂ ಧನರಾಜ್ ಅವರೂ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿ, ಅಲ್ಲಿಯ ಜನರು ‘ಪಂಚಪಾಂಡವ’ರೆಂದು ಕೊಂಡಾಡಿದ ಐವರು ಮುಂದಾಳು ಆಟಗಾರರಲ್ಲಿ ಇಬ್ಬರಾದರು. ಇಂತಹವರು ತಮ್ಮ ಉತ್ತಮ ಪ್ರಾಯದಲ್ಲಿದ್ದಾಗ ಬ್ರೆಜಿಲಿನ ಬಾಗಿಲು ತೆರೆದಿದ್ದು ಮುಚ್ಚಿಹೋಯಿತು.

ಇನ್ನು ನಮ್ಮ ರಾಯಚೂರು ಸೀಮೆಯ ಮಾತು. ೧೯೫೬ರ ನವೆಂಬರ್ ೧ರವರೆಗೆ ನಾವು ಹೈದರಾಬಾದು ರಾಜ್ಯಕ್ಕೆ ಸೇರಿದವರು. ಆದುದರಿಂದ ಹೈದರಾಬಾದಿನ ಕಾಲ್ಚೆಂಡಿನ ಕೀರ್ತಿಯಲ್ಲಿ ನಮಗೂ ಒಂದು ಪಾಲುಂಟು. ಆ ಕೀರ್ತಿಗೆ ಮೂಲಪುರುಷರಾದ ಸೈಯದ್ ಅಬ್ದುಲ್ ರಹೀಮ್ ಅವರು ವೃತ್ತಿಯಿಂದ ಶಾಲಾ ಉಪಾಧ್ಯಾಯರು. ನನ್ನಂತಹ ಉಪಾಧ್ಯಾಯರಿಗೆ ಇದು ಅಭಿಮಾನದ ವಿಷಯವೂ ಹೌದು, ನಾಚಿಕೆಯ ವಿಷಯವೂ ಹೌದು. ಅವರ ಶಿಕ್ಷಣದಲ್ಲಿ ಭಾರತವು ೧೯೫೧ರಲ್ಲಿ ದೆಹಲಿಯಲ್ಲಿಯೂ ೧೯೬೨ರಲ್ಲಿ ಜಕಾರ್ತಾದಲ್ಲಿಯೂ ಏಷ್ಯಾದ ಕ್ರೀಡಾಕೂಟದ ಚಿನ್ನವನ್ನು ಗೆದ್ದಿತು. ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ, ಡಿಸೆಂಬರ್ ೧ರಂದು, ಆತಿಥೇಯರಾದ ಆಸ್ಟ್ರೇಲಿಯದವರನ್ನು ನಾಲ್ಕಕ್ಕೆರಡು ಗೋಲುಗಳಿಂದ ಸೋಲಿಸಿ ನಾಲ್ಕನೆಯ ಸ್ಥಾನದವರೆಗೆ ಏರಿತು. ಆ ತಂಡದಲ್ಲಿ ಮೈಸೂರು ಸೀಮೆಯ ಕೆಂಪಯ್ಯನವರೂ ಇದ್ದರು. ರಾಯಚೂರು ಮೈಸೂರನ್ನು ಸೇರಿ ಅಂದಿಗೆ ಸರಿಯಾಗಿ ಒಂದು ತಿಂಗಳಾಗಿದ್ದಿತು. ನಾವು ಬಿಟ್ಟುಬಂದ ರಾಜ್ಯದ ಗುರುವೂ ನಾವು ಸೇರಿದ ರಾಜ್ಯದ ಆಟಗಾರರೂ ಒಂದೇ ತಂಡದಲ್ಲಿದ್ದರು.

ರಹೀಮರು ೧೯೬೩ರಲ್ಲಿ ತೀರಿಕೊಂಡರು. ಅವರ ಬಳಿಕ ಕೀರ್ತಿಯು ಒಮ್ಮೆಗೇ ಅಳಿಯಲಿಲ್ಲ. ೧೯೭೪ರಲ್ಲಿ ಬ್ಯಾಂಕಾಕಿನಲ್ಲಿ ನಡೆದ ಏಷ್ಯಾದ ಯುವಕರ ಪಂದ್ಯಾವಳಿಯ ಅಂತಿಮ ಪಂದ್ಯವು ಇರಾನಿನೊಡನೆ ಎರಡೆರಡು ಗೋಲುಗಳಲ್ಲಿ ಸಮವಾಗಿ, ಉಭಯ ದೇಶಗಳೂ ಕೂಡಿ ವಿಜೇತರೆನಿಸಿದವು. ಹೈದರಾಬಾದಿನ ಶಬ್ಬೀರ್ ಅಲಿಯವರು ಭಾರತದ ನಾಯಕರು. ಇದು ಆಡಿ ಗಳಿಸಿದ ಗೌರವ. ಆ ಮೇಲೆ ದೀರ್ಘಕಾಲ ಅಂತಹ ಗೌರವವು ನಮಗೆ ಒದಗಲಿಲ್ಲ. ೨೦೦೬ರಲ್ಲಿ ಅದೇ ಪಂದ್ಯಾವಳಿಯು ಕೋಲ್ಕತ್ತೆ ಬೆಂಗಳೂರುಗಳಲ್ಲಿ ನಡೆದಾಗ, ಕನ್ನಡ ನೆಲದಲ್ಲಿಯೇ ಏಷ್ಯಾದ ಯುವಕರ ಆಟವನ್ನು ನೋಡುವ ಭಾಗ್ಯ ಲಭಿಸಿತು. ಉತ್ತರ ಕೊರಿಯವು ಜಪಾನನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಗೆದ್ದಿತು. ಭಾರತವು ಗುಂಪಿನ ಹಂತವನ್ನು ದಾಟಲಿಲ್ಲ. ಆತಿಥ್ಯದಿಂದ ಅಂಗಳ ಶೋಭಿಸುವುದು, ಆಟ ತಾನಾಗಿ ಬೆಳೆಯದು ಎಂಬುದು ಅಂದೇ ಸ್ಪಷ್ಟವಾಯಿತು.

ಈಗ ೨೦೧೭ಕ್ಕೆ ಮರಳೋಣ. ದೆಹಲಿ, ಕೋಲ್ಕತ್ತ, ಗುವಾಹಾಟಿ, ಕೊಚ್ಚಿ, ಗೋವೆ, ನವಿ ಮುಂಬಯಿ, ಈ ಆರು ಸ್ಥಳಗಳಲ್ಲಿ ೨೪ ದೇಶಗಳ ಬಾಲಕರು ಆಡಿದರು. ಕರ್ನಾಟಕಕ್ಕೆ ಪಂದ್ಯಗಳು ದೊರೆಯಲಿಲ್ಲ. ಹದಿಮೂರೂವರೆ ಲಕ್ಷಕ್ಕೆ ಸಮೀಪವಾಗುವಷ್ಟು ಪ್ರೇಕ್ಷಕರು ನೆರೆದರು. ೧೯೮೫ರಲ್ಲಿ ಚೀನಾದಲ್ಲಿ ಸ್ಥಾಪಿತವಾಗಿದ್ದ ದಾಖಲೆಯು ಮುರಿಯಿತು. ಅಕ್ಟೋಬರ್ ೨೮ರಂದು ಕೋಲ್ಕತ್ತೆಯಲ್ಲಿ ಇಂಗ್ಲೆಂಡಿನ ಬಾಲಕರು ಮೊದಲು ಎರಡು ಗೋಲುಗಳಿಂದ ಹಿಂದೆ ಬಿದ್ದರೂ ಸ್ಪೇನಿನವರನ್ನು ಐದಕ್ಕೆರಡು ಗೋಲುಗಳಿಂದ ಸೋಲಿಸಿದರು.

ನಮ್ಮವರು ಅಮೆರಿಕಾದವರಿಗೆ ಮೂರು ಗೋಲುಗಳಿಂದಲೂ, ಘಾನಾದವರಿಗೆ ನಾಲ್ಕು ಗೋಲುಗಳಿಂದಲೂ ಸೋತರು. ಇವೆರಡರ ನಡುವೆ, ಅಕ್ಟೋಬರ್ ೯ರಂದು ದೆಹಲಿಯಲ್ಲಿ ಕೊಲಂಬಿಯಾದೊಡನೆ ನಡೆದ ಪಂದ್ಯವೇ ನಮ್ಮ ಪ್ರಕೃತ ವಿಷಯ. ಕೊಲಂಬಿಯಾ ಒಂದು ಗೋಲು ಮುಂದಿದ್ದಿತು. ೮೨ನೆಯ ನಿಮಿಷದಲ್ಲಿ ಭಾರತಕ್ಕೆ ಮೂಲೆಯೊದೆತ, ಎಂದರೆ ಆಟಗಾರರ ಮಾತಿನ ‘ಕಾರ್ನರ್’, ದೊರೆಯಿತು. ಚೆಂಡು ಮೂಲೆಯಿಂದ ಎದ್ದು ಗೋಲಿನ ಮುಂದೆ ಬಾಗಿ ಬಂದಿತು. ಮಣಿಪುರದ ಜೀಕ್ಸನ್ ಸಿಂಗನು ಹಾರಿ ತಲೆಯಿಂದ ಅದನ್ನು ಬಲೆಗೆ ಸೇರಿಸಿದನು. ಫಿಫಾದ ವಿಶ್ವಕಪ್ಪೊಂದರಲ್ಲಿ ಭಾರತವು ಹೊಡೆದ ಮೊಟ್ಟಮೊದಲ ಗೋಲು ಅದು. ಮರುನಿಮಿಷದಲ್ಲಿಯೇ ಕೊಲಂಬಿಯಾದ ಪೆನ್ಯಾಲೋಸನು ತನ್ನ ಎರಡನೆಯ ಗೋಲನ್ನು ಹೊಡೆದನು. ಭಾರತದ ಸಮಬಲವು ಒಂದು ನಿಮಿಷ ಮಾತ್ರ ಬಾಳಿತು.

ಮೂಲೆಯಿಂದ ಆ ಚೆಂಡನ್ನು ಒದೆದವನು ಯಾರೆಂಬುದನ್ನು ನಮ್ಮ ಜನರಲ್ಲಿ ಅನೇಕರು ಗಮನಿಸಿಲ್ಲ. ಅವನು ಬೆಂಗಳೂರಿನಲ್ಲಿ ಹುಟ್ಟಿದ ಸಂಜೀವ್ ಸ್ಟಾಲಿನ್. ರಸ್ತೆಯ ಬದಿಯಲ್ಲಿ ಬಟ್ಟೆ ಮಾರಿ ಸಂಸಾರವನ್ನು ಸಾಗಿಸಿದ ತಾಯಿಯ ಮಗನೆಂದು ಪತ್ರಿಕೆಗಳು ಆಗ ಬರೆದವು. ಆಟದಲ್ಲಿ ಪಳಗುವುದಕ್ಕೆ ಅವನು ತನ್ನ ಊರನ್ನು ಬಿಟ್ಟು ಚಂದೀಗಢದ ಕಾಲ್ಚೆಂಡಿನ ಶಾಲೆಗೆ ಹೋಗಬೇಕಾಯಿತು. ರಾಮನ್, ಅಹಮದ್ ಖಾನ್, ಧನರಾಜ್, ಕೆಂಪಯ್ಯ ಮುಂತಾದವರನ್ನು ತನ್ನ ಮೈದಾನಗಳಲ್ಲಿಯೇ ಬೆಳೆಸಿದ್ದ ನಾಡು, ತನ್ನ ಬಾಲಕನನ್ನು ಬಾಲ್ಯದಲ್ಲಿಯೇ ದೂರಕ್ಕೆ ಕಳುಹಿಸಿತು. ಮಸ್ಕಿಯ ಶಾಸನದ ಒಂದು ಹೆಸರಿನಂತೆ, ಈ ಒಂದು ಒದೆತವು ಹಿಂದಿನ ಎಪ್ಪತ್ತು ವರ್ಷಗಳ ಏಳನ್ನೂ ಬೀಳನ್ನೂ ಒಟ್ಟಿಗೆ ಬೆಳಗುತ್ತದೆ.

ಆ ಬಳಿಕ ನಡೆದುದನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಮರುವರ್ಷವೇ, ೨೦೧೮ರಲ್ಲಿ, ಮಲೇಷ್ಯಾದಲ್ಲಿ ನಡೆದ ಏಷ್ಯಾದ ಹದಿನಾರು ವರ್ಷದೊಳಗಿನವರ ಪಂದ್ಯಾವಳಿಯಲ್ಲಿ ಭಾರತದ ಬಾಲಕರು ಎಂಟರ ಘಟ್ಟವನ್ನು ಮುಟ್ಟಿ, ದಕ್ಷಿಣ ಕೊರಿಯಕ್ಕೆ ಒಂದೇ ಗೋಲಿನಿಂದ ಸೋತರು. ಆ ಒಂದು ಪಂದ್ಯವನ್ನು ಗೆದ್ದಿದ್ದರೆ ಮುಂದಿನ ಜಾಗತಿಕ ಪಂದ್ಯಗಳಿಗೆ ಸ್ವಂತ ಕಾಲಿನ ಬಲದಿಂದಲೇ ಹೋಗುತ್ತಿದ್ದರು. ೨೦೨೨ರಲ್ಲಿ ಬಾಲಿಕೆಯರ ಜಾಗತಿಕ ಪಂದ್ಯಗಳೂ ಭಾರತದಲ್ಲಿ ನಡೆದವು. ನಮ್ಮ ಬಾಲಿಕೆಯರು ಅಮೆರಿಕಾ, ಮೊರಾಕೊ, ಬ್ರೆಜಿಲುಗಳಿಗೆ ಸೋತು ಗೋಲಿಲ್ಲದೆ ಹಿಂದಿರುಗಿದರು. ೨೦೨೩ರ ಮಾರ್ಚಿನಲ್ಲಿ ಸೌದಿ ಅರೇಬಿಯಾದ ರಿಯಾಧಿನಲ್ಲಿ ಕರ್ನಾಟಕವು ಮೇಘಾಲಯವನ್ನು ಮೂರಕ್ಕೆರಡು ಗೋಲುಗಳಿಂದ ಸೋಲಿಸಿ, ೫೪ ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ತಂದಿತು. ಬೀಜವು ಸತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಾಗಿಲ್ಲ. ೨೦೨೫ರಿಂದ ಹದಿನೇಳು ವರ್ಷದೊಳಗಿನವರ ಪಂದ್ಯಾವಳಿಯು ವರ್ಷಕ್ಕೊಮ್ಮೆ ೪೮ ದೇಶಗಳೊಡನೆ ನಡೆಯುವಂತಾಗಿದೆ. ಬಾಗಿಲು ಅಗಲವಾಗಿದೆ, ಆದರೆ ತಟ್ಟಿದವರಿಗೆ ಮಾತ್ರ ತೆರೆಯುವುದು.

ತಟ್ಟುವವರು ಎಲ್ಲಿಂದ ಬರಬೇಕು? ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳುವುದೇ ಲೇಸು. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ, ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಆಟದ ಅವಧಿಯನ್ನು ಕಸಿದು ಪಾಠಕ್ಕೆ ಸೇರಿಸುತ್ತಿದ್ದೆನು. ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನನಗೆ ಶರೀರವೇ ಧರ್ಮಸಾಧನೆಗೆ ಮೊದಲ ಉಪಕರಣವೆಂಬ ಹಿರಿಯರ ಮಾತು ಕಂಠಸ್ಥವಾಗಿದ್ದಿತು. ಕಂಠದಿಂದ ಕೆಳಗೆ ಅದು ಇಳಿದಿರಲಿಲ್ಲ. ಅಂದು ಪ್ರಶ್ನೆ ಕೇಳಿದ ಹುಡುಗನು ಬಿಡುವು ದೊರೆತಾಗಲೆಲ್ಲ ಹರಕು ಚೆಂಡನ್ನು ಕಾಲಿನಲ್ಲಿ ಆಡಿಸುತ್ತಿದ್ದವನು. ಆ ವರ್ಷ ಸುಗ್ಗಿ ಮುಗಿದ ಮೇಲೆ ತಾಯಿತಂದೆಗಳೊಡನೆ ಬೆಂಗಳೂರಿಗೆ ಗುಳೆ ಹೋದನು; ಮರಳಿ ಶಾಲೆಗೆ ಬರಲಿಲ್ಲ. ಅವನು ದೊಡ್ಡ ಆಟಗಾರನಾಗುತ್ತಿದ್ದನೆಂದು ನಾನು ಹೇಳಲಾರೆ. ಆಗಬಲ್ಲನೇ ಎಂದು ನೋಡುವುದಕ್ಕೆ ಬೇಕಾದ ಮುಕ್ಕಾಲು ಗಂಟೆಯನ್ನು ವಾರದಲ್ಲಿ ಎರಡು ಸಲವಾದರೂ ನಾನು ಅವನಿಗೆ ಕೊಡಲಿಲ್ಲ, ಇಷ್ಟನ್ನು ಹೇಳಬಲ್ಲೆ. ರಹೀಮರೂ ಉಪಾಧ್ಯಾಯರೇ ಆಗಿದ್ದರೆಂದು ಮೇಲೆ ಬರೆದಾಗ ನಾಚಿಕೆಯೆಂದುದರ ಕಾರಣ ಇದೇ.

ನಮ್ಮ ಸೀಮೆಯ ಊರುಗಳಲ್ಲಿ ವಿಶಾಲವಾದ ಕ್ರೀಡಾಂಗಣಗಳು ನಾಳೆಯೇ ಏಳಬೇಕೆಂದು ನಾನು ಬಯಸುವುದಿಲ್ಲ. ಕಲ್ಲು ಆರಿಸಿ ಸಮಮಾಡಿದ ಒಂದು ಬಯಲು, ಗಾಳಿ ನಿಲ್ಲುವ ಒಂದು ಚೆಂಡು, ಕಸಿದುಕೊಳ್ಳದ ಒಂದು ಅವಧಿ, ಇವು ಮೂರೂ ಪ್ರತಿಯೊಂದು ಶಾಲೆಯಲ್ಲಿ ಇರಲಿ. ತಾಯಿತಂದೆಗಳೂ ಆಟದ ವೇಳೆಯನ್ನು ವ್ಯರ್ಥವೆಂದು ಎಣಿಸದಿರಲಿ.

ಇನ್ನು ಆ ಹುಡುಗನ ಪ್ರಶ್ನೆಗೆ ಉತ್ತರ. ಹೌದಪ್ಪ, ಸೋತವರೂ ಚರಿತ್ರೆಯನ್ನು ಬರೆಯುತ್ತಾರೆ. ೧೯೫೦ರಲ್ಲಿ ಹೋಗದೆ ಉಳಿದವರು ಸೋಲಲಿಲ್ಲ. ಆದುದರಿಂದಲೇ ಅವರ ಪುಟವು ಬರಿದಾಗಿದೆ. ೨೦೧೭ರಲ್ಲಿ ಹೋದವರು ಸೋತರು. ಅವರ ಪುಟದಲ್ಲಿ ಒಂದು ನಿಮಿಷದ ಬರಹವಿದೆ. ಆ ಬರಹದ ಮೊದಲ ಅಕ್ಷರವನ್ನು ನಮ್ಮ ನಾಡಿನ ಬಾಲಕನೊಬ್ಬನು ಮೂಲೆಯಲ್ಲಿ ನಿಂತು ಬರೆದನು. ನೀನು ಎಲ್ಲಿಯೇ ಇರು, ಇದನ್ನು ಓದುವಂತಾಗಲಿ. ಅಂದು ಗದರಿಸಿದುದನ್ನು ಮನ್ನಿಸು.